ಧನ್ಯವಾದದ ಪುಟ

ಉಪಕಾರ ಮಾಡಿದವನು ಹೆಸರು ಹೇಳದೆ ಹೋದರೆ ಏನೇನು ಅನಾಹುತವಾಗುತ್ತದೆ ಎನ್ನುವುದಕ್ಕೆ ತಾಂತಾ ಊರಿನ ಅಂಚೆ ಗುಮಾಸ್ತ ವಗ್ದೀಯೇ ಸಾಕ್ಷಿ. ಮೂರು ವರ್ಷದ ಹಿಂದೆ, ಮಳೆ ಹಿಡಿದ ಒಂದು ಬೆಳಿಗ್ಗೆ, ಸೇತುವೆಯ ಮೇಲೆ ಅವನಿಗೆ ಮೋಟಾರ್ ಸೈಕಲ್ ಗುದ್ದಿತ್ತು. ಕಣ್ಣು ಬಿಟ್ಟಾಗ ಆಸ್ಪತ್ರೆಯಲ್ಲಿದ್ದ. ಮೈಯೊಳಗೆ ಬೇರೆ ಯಾರದೋ ಒಂದು ಬಾಟಲಿ ರಕ್ತವಿತ್ತು.

"ಯಾರೋ ಕರ್ಕೊಂಡು ಬಂದ್ರು, ರಕ್ತಾನೂ ಕೊಟ್ರು. ಹೆಸರು ಕೇಳಿದ್ರೆ ಬರ್ಕೋಬೇಡಿ ಅಂದು ಹೊರಟೇ ಹೋದ್ರು" ಎಂದಳು ನರ್ಸ್.

ಅಂದಿನಿಂದ ವಗ್ದೀ ಪ್ರತಿ ನಮಾಜಿನ ಕೊನೆಗೆ "ಹಾಗೇ ಆ ಹೆಸರಿಲ್ಲದವನಿಗೂ ಒಳ್ಳೇದು ಮಾಡು ದೇವರೇ" ಎಂದು ಸೇರಿಸುತ್ತಿದ್ದ. ಅಷ್ಟಕ್ಕೆ ಅವನಿಗೆ ಸಮಾಧಾನವಾಗುತ್ತಿರಲಿಲ್ಲ. ಇನ್ನೊಬ್ಬರ ರಕ್ತ ಮೈಯಲ್ಲಿಟ್ಟುಕೊಂಡು ಅವರಿಗೊಂದು ಮಾತೂ ಹೇಳದೆ ಬದುಕುವುದೆಂದರೆ ಗಂಟಲಲ್ಲಿ ಮೀನಿನ ಮುಳ್ಳು ಇಟ್ಟುಕೊಂಡು ಊಟ ಮಾಡಿದ ಹಾಗೆ. ಆ ಮನುಷ್ಯನನ್ನು ಹುಡುಕಿ, ನಾಲ್ಕು ಜನರೆದುರು ಬಾಯಿ ತುಂಬ ಧನ್ಯವಾದ ಹೇಳಬೇಕು. ಅವನಿಗಿದ್ದದ್ದು ಅದೊಂದೇ ಆಸೆ.

ದಾರಿ ತೋರಿಸಿದವನು ಅಂಚೆ ಕಚೇರಿಯಲ್ಲಿ ಪಕ್ಕದ ಕುರ್ಚಿಯ ಬಹ್ಗತ್. ಆಗಿನ್ನೂ ಜಗತ್ತೆಲ್ಲ ಮೊಬೈಲಿನೊಳಗೆ ಬಂದು ಕೂತಿರಲಿಲ್ಲ. ಬೀದಿಗೊಂದು ಇಂಟರ್‌ನೆಟ್ ಅಂಗಡಿ, ಅಂಗಡಿ ತುಂಬ ಜನ. ಆ ಜನವೆಲ್ಲ 'ರಫ್' ಎಂಬ ತಾಣಕ್ಕೆ ಮರುಳಾಗಿದ್ದ ಕಾಲ ಅದು. ನಿಮಗೆ ಮೆಚ್ಚುಗೆಯಾದ ಪುಟದ ವಿಳಾಸವನ್ನು ಅಲ್ಲಿ ನಿಮ್ಮ ಹೆಸರಿನ ಕಪಾಟಿನಲ್ಲಿಟ್ಟು, ಅದು ಯಾವುದರ ಬಗ್ಗೆ ಎಂದು ಒಂದು ಚೀಟಿ ಅಂಟಿಸಬೇಕು. ಹೆಚ್ಚು ಜನ ಇಟ್ಟ ಪುಟ ಮೇಲೇರುತ್ತದೆ. ಹಿಡಿಸದವರು ಕೆಂಪು ಗುಂಡಿ ಒತ್ತಿದರೆ ಒಂದು ಮೆಟ್ಟಿಲು ಇಳಿಯುತ್ತದೆ. ಇಡುವುದಕ್ಕಾಗಲಿ ಒತ್ತುವುದಕ್ಕಾಗಲಿ ಒಂದು ಹೆಸರಿಗೆ ಒಂದೇ ಸಲ ಅವಕಾಶ.

"ಬೆಳಗಿನ ಬಾಂಗಿನಿಂದ ಸಂಜೆ ಬಾಂಗಿನವರೆಗೆ ಒಂದು ಪುಟದ ಆಯಸ್ಸು" ಎಂದು ಬಹ್ಗತ್ ವಿವರಿಸಿದ್ದ. "ಸಂಜೆಗೆ ಯಾವುದು ಒಂದನೇದೋ ಅದನ್ನ ಲಕ್ಷ ಜನಕ್ಕೆ ಅಂಚೆ ಹಾಕ್ತಾರೆ. ನಿನ್ನ ಪುಣ್ಯಾತ್ಮ ಆ ಲಕ್ಷದಲ್ಲಿ ಇಲ್ಲದೆ ಎಲ್ಲಿ ಹೋಗ್ತಾನೆ?"

ಪುಟವನ್ನು ಬರೆಸಿದವನೂ ಬಹ್ಗತ್ತೇ. ನಾಯಕ ನೋಡೋಕೆ ಚೆನ್ನಾಗಿರದಿದ್ದರೆ ಯಾರೂ ಓದುವುದಿಲ್ಲ ಎಂಬ ನಂಬಿಕೆ ಅವನದು. ಹಾಗಾಗಿ ವಗ್ದೀ ಕಂಡೇ ಇರದ ಆ ಮನುಷ್ಯ ಪುಟದಲ್ಲಿ ಆರಡಿ ಎತ್ತರ ಬೆಳೆದ, ಬಿಳಿ ಸೂಟು ತೊಟ್ಟ, ವಗ್ದೀಯನ್ನು ಟ್ಯಾಕ್ಸಿಯಲ್ಲಿ ಮಲಗಿಸಿಕೊಂಡು ಹೋದ.

ಶುಕ್ರವಾರ, ಕಚೇರಿಗೆ ರಜೆ. ಬೆಳಿಗ್ಗೆ ಏಳಕ್ಕೇ ಬೀದಿಯ ಜನವೆಲ್ಲ ಮುಅಲ್ಲಿಮ್ ಶಲಬಿಯ ಇಂಟರ್‌ನೆಟ್ ಅಂಗಡಿಯಲ್ಲಿ ಜಮಾಯಿಸಿದರು. ಯಜಮಾನನೆಂಬ ಗೌರವಕ್ಕೆ ಬೀದಿಯೆಲ್ಲ 'ಮುಅಲ್ಲಿಮ್' ಎನ್ನುತ್ತಿದ್ದ ಶಲಬಿ ಕುಳ್ಳ, ಹೆಗಲು ಅಗಲ, ಮುಖ ಸದಾ ಗಂಟು. ಹತ್ತು ಕಂಪ್ಯೂಟರಿನ ಒಡೆಯನಾದರೂ ಅವನು ನಕ್ಕದ್ದನ್ನು ಬೀದಿಯಲ್ಲಿ ಯಾರೂ ಕಂಡಿರಲಿಲ್ಲ.

"ಇದೇನು ಮದುವೆ ಮನೇನಾ? ಕೂತ್ಕೊಳ್ಳೋರು ಕೂತ್ಕೊಳ್ಳಿ, ಇಲ್ಲದೋರು ಹೊರಗೆ ನಡೀರಿ" ಎಂದು ಗುರ್ ಎಂದ. ತನ್ನ ಗಲ್ಲಾದ ಹಿಂದೆ, ಸ್ವಂತ ಕಂಪ್ಯೂಟರಿನ ಮುಂದೆ ಹೋಗಿ ಕೂತ.

ವಗ್ದೀಗೆ ಕಣ್ಣು ತುಂಬಿ ಬಂತು. ರಜೆಯ ದಿನ ಹಾಸಿಗೆ ಬಿಟ್ಟು ಬಂದಿದ್ದಾರೆ, ಪಾಪ, ತನಗೋಸ್ಕರ! ಬಂದ ಒಬ್ಬೊಬ್ಬರ ಕೈಯನ್ನೂ ಎರಡು ಕೈಯಲ್ಲಿ ಹಿಡಿದು "ನಿಮ್ಮ ಕೈಗೆ ದೇವರು ಬಲ ಕೊಡಲಿ" ಎಂದ. ಬೀದಿಯ ಜನ ಒಳ್ಳೆಯವರೇ, ಅದರಲ್ಲಿ ಅನುಮಾನವಿಲ್ಲ. ತೊಂದರೆಯೆಂದರೆ ಅವರ ಒಳ್ಳೆಯತನಕ್ಕೆ ಲಗಾಮಿರಲಿಲ್ಲ.

ಮೇಲಿನ ಮಹಡಿಯ ಸಿತ್ತ್ ಕರವಾನ್, ಅಂದರೆ ಕರವಾನಮ್ಮ, ಮೊದಲ ಚೀಟಿ ಅಂಟಿಸಿದಳು: 'ಅಕ್ಕಿ ತುಂಬಿದ ಪಾರಿವಾಳ'.

"ಯಾ ಸಿತ್ತ್ ಕರವಾನ್, ನನ್ನ ಪುಟದಲ್ಲಿ ಪಾರಿವಾಳ ಎಲ್ಲಿದೆ?" ಎಂದ ವಗ್ದೀ.

"ನೀನು ಸುಮ್ನಿರು ಉಸ್ತಾದ್. ಧನ್ಯವಾದ ಅಂದ್ರೆ ಯಾರು ಬರ್ತಾರೆ? ಪಾರಿವಾಳ ಅಂದ್ರೆ ಮೊರಾಕೋದಿಂದ ಇರಾಕಿನವರೆಗೆ ಹೆಂಗಸರೆಲ್ಲ ಓಡಿ ಬರ್ತಾರೆ."

ನಿಜಕ್ಕೂ ಬಂದರು. ಅರ್ಧ ಗಂಟೆಯಲ್ಲಿ ಪುಟದ ಕೆಳಗೆ ಇಪ್ಪತ್ತು ಪ್ರಶ್ನೆ: ಅಕ್ಕಿ ಎಷ್ಟು ಹೊತ್ತು ನೆನೆಸಬೇಕು? ತುಪ್ಪವೋ ಎಣ್ಣೆಯೋ? ಕರವಾನ್ ಒಂದೊಂದಕ್ಕೂ ಉತ್ತರ ಬರೆಯುತ್ತ ಕೂತಳು. ಉತ್ತರ ಸಿಕ್ಕ ಹೆಂಗಸರು ಪುಟವನ್ನು ಕಪಾಟಿಗಿಟ್ಟರು. ಅದನ್ನು ನೋಡಿ ಬಹ್ಗತ್ 'ಕಾಲ್ಚೆಂಡು' ಎಂದು ಅಂಟಿಸಿದ, ಇನ್ಯಾರೋ 'ವಧುವಿನ ಉಡುಪು' ಎಂದರು. ಜುಮ್ಮಾ ನಮಾಜಿನ ಹೊತ್ತಿಗೆ ಪುಟ ಏಳನೆಯ ಸ್ಥಾನಕ್ಕೆ ಬಂದಿತ್ತು. ನಮಾಜು ಮುಗಿಸಿ ಬಂದು ನೋಡಿದರೆ ಹನ್ನೊಂದನೆಯದು.

"ಯಾರೋ ಕೆಂಪು ಗುಂಡಿ ಒತ್ತಿದ್ದಾರೆ" ಎಂದ ಬಹ್ಗತ್.

ಮತ್ತೆ ಎಲ್ಲರೂ ಸೇರಿ, ಗೊತ್ತಿದ್ದವರಿಂದೆಲ್ಲ ಕಪಾಟಿಗೆ ಇಡಿಸಿ ಏರಿಸಿದರು. ನಾಲ್ಕಕ್ಕೆ ಬಂತು, ಒಂಬತ್ತಕ್ಕೆ ಇಳಿಯಿತು. ಮೂರಕ್ಕೆ ಬಂತು, ಎಂಟಕ್ಕೆ ಇಳಿಯಿತು. ಇತ್ತ ಹತ್ತು ಜನ ಹಗ್ಗ ಎಳೆಯುತ್ತಿದ್ದರೆ ಅತ್ತ ಕಾಣದ ಒಂದು ಎಮ್ಮೆ ಹಿಂದಕ್ಕೆ ಜಗ್ಗುತ್ತಿತ್ತು.

"ದೃಷ್ಟಿ ಇದು, ಕಣ್ಣು ಬಿದ್ದಿದೆ" ಎಂದು ಕರವಾನ್ ಮನೆಗೆ ಓಡಿ, ಕೆಂಡದ ಮೇಲೆ ಧೂಪ ಹಾಕಿ ತಂದು ಹತ್ತೂ ಕಂಪ್ಯೂಟರಿಗೆ ಮೂರು ಮೂರು ಸುತ್ತು ಇಳಿ ತೆಗೆದಳು. ಅಂಗಡಿಯೆಲ್ಲ ಹೊಗೆ. ಯಾರಿಗೂ ಪರದೆ ಕಾಣದೆ, ನಾಲ್ಕು ಜನ ಕೆಮ್ಮುತ್ತ ತಾವೇ ತಪ್ಪಿ ಕೆಂಪು ಗುಂಡಿ ಒತ್ತಿಬಿಟ್ಟರು.

"ಹತ್ತು ಜನ ಇದ್ದ ಕಡೆ ಹಾವು ಸಾಯಲ್ಲ. ಇಷ್ಟು ಸಾಕು ಉಸ್ತಾದ್ ವಗ್ದೀ, ಪುಟ ತೆಗೆದುಹಾಕು. ಆ ಮನುಷ್ಯನಿಗೆ ಬೇಕಿದ್ದಿದ್ರೆ ಅವತ್ತೇ ಹೆಸರು ಹೇಳ್ತಿದ್ದ" ಎಂದ ಶಲಬಿ ಗಲ್ಲಾದ ಹಿಂದಿನಿಂದ.

"ಹಾಗನ್ನಬೇಡ ಮುಅಲ್ಲಿಮ್. ಅವನಿಗೆ ಬೇಡದಿರಬಹುದು. ಹೇಳದಿದ್ರೆ ನಾನು ಸಾಯೋವಾಗಲೂ ನನ್ನ ಬಾಯಿ ಮುಚ್ಚಲ್ಲ" ಎಂದ ವಗ್ದೀ.

ಶಲಬಿ ಮತ್ತೆ ತನ್ನ ಪರದೆಯ ಕಡೆ ತಿರುಗಿಕೊಂಡ.

ಅಷ್ಟರಲ್ಲಿ ಬಾಗಿಲಲ್ಲಿ ಬಿಳಿ ಸೂಟೊಂದು ಕಾಣಿಸಿತು. ಅದರೊಳಗೆ ಇದ್ದವನು ಕರವಾನಳ ತಮ್ಮ ಅಬ್ದುಸ್ಸಮದ್. ತೋಳು ಅವನಿಗೆ ಒಂದು ಗೇಣು ಉದ್ದವಾಗಿತ್ತು, ಯಾರದೋ ಎರವಲು.

"ಇನ್ನು ಮುಚ್ಚಿಡೋದು ಪಾಪ. ಅವತ್ತು ಟ್ಯಾಕ್ಸೀಲಿ ಕರ್ಕೊಂಡು ಹೋದವನು ನಾನೇ" ಎಂದ.

"ನೀನು ಆ ವರ್ಷವೆಲ್ಲ ಪೋರ್ಟ್ ಸಯೀದಿನಲ್ಲಿ ಇದ್ದೆಯಲ್ಲೋ?" ಎಂದ ಬಹ್ಗತ್.

"ಅವತ್ತೊಂದಿನ ಬಂದಿದ್ದೆ."

"ರಕ್ತ ಕೊಟ್ಟಿರಲ್ಲ, ನಿಮ್ಮದು ಯಾವ ಗುಂಪು?" ಎಂದು ವಗ್ದೀ ಆಸೆಯಿಂದಲೇ ಕೇಳಿದ.

"ನಮ್ಮ ಮನೇಲಿ ಯಾರೂ ಗುಂಪು ಗಿಂಪು ಕಟ್ಟಲ್ಲ" ಎಂದು ಅಬ್ದುಸ್ಸಮದ್ ಸಿಟ್ಟಾದ. ತಾನಾಗಿ ಬಂದವನನ್ನು ಸುಳ್ಳ ಎನ್ನಲು ವಗ್ದೀಗೆ ಬಾಯಿ ಬರಲಿಲ್ಲ. ಒಂದು ತಟ್ಟೆ ಕೊಶಾರಿ ತರಿಸಿಕೊಟ್ಟ. ಅವನು ಅದನ್ನು ಮುಗಿಸಿ, ಇನ್ನೊಂದು ತರಿಸಿಕೊಂಡ.

ಸಂಜೆಯ ಬಾಂಗಿಗೆ ಕಾಲು ಗಂಟೆ ಉಳಿದಿತ್ತು. ಪುಟ ಎರಡನೆಯ ಸ್ಥಾನದಲ್ಲಿ, ಒಂದನೆಯದಕ್ಕೆ ಮೂರೇ ಮೂರು ಕಪಾಟು ಕಡಿಮೆ. ಕರವಾನ್ ತಮ್ಮನ ಹೆಸರಿನಲ್ಲಿ ಇಟ್ಟಳು, ಒಂದು ಏರಿತು. ತಕ್ಷಣ ಒಂದು ಇಳಿಯಿತು. ಬಹ್ಗತ್ ಹೆಂಡತಿಯ ಹೆಸರಿನಲ್ಲಿ ಇಟ್ಟ, ಏರಿತು, ಇಳಿಯಿತು. ವಗ್ದೀಗೆ ಬಾಯಿ ಒಣಗಿತು. ನೀರು ಕೇಳೋಣವೆಂದು ಗಲ್ಲಾದ ಹಿಂದಕ್ಕೆ ಹೋದವನ ಕಣ್ಣಿಗೆ ಶಲಬಿಯ ಪರದೆ ಬಿತ್ತು. ಪರದೆಯ ಮೇಲೆ ಅವನ ಪುಟ. ಕೆಂಪು ಗುಂಡಿಯ ಮೇಲೆ ಶಲಬಿಯ ಮೌಸಿನ ಬಾಣ. ಪಕ್ಕದ ಕಾಗದದ ಮೇಲೆ, ಬೆಳಗಿನಿಂದ ಹುಟ್ಟಿಸಿದ ಎಂಬತ್ತು ಸುಳ್ಳು ಹೆಸರುಗಳು.

"ನೀನಾ!" ಎಂದ ವಗ್ದೀ.

ಶಲಬಿ ಅವನ ಬಾಯಿಗೆ ಕೈ ಅಡ್ಡ ಹಿಡಿದು, ಹಿಂದಿನ ಸಾಮಾನಿನ ಕೋಣೆಗೆ ದಬ್ಬಿ ಬಾಗಿಲು ಹಾಕಿಕೊಂಡ.

"ನಾನು ನಿನಗೇನು ಅನ್ಯಾಯ ಮಾಡಿದ್ದೆ ಮುಅಲ್ಲಿಮ್? ನನಗೊಬ್ಬ ದೇವರಂಥ ಮನುಷ್ಯ ಸಿಗೋದು ನಿನಗ್ಯಾಕೆ ಹೊಟ್ಟೆಕಿಚ್ಚು?"

"ದೇವರಂಥ ಮನುಷ್ಯನಂತೆ! ಟ್ಯಾಕ್ಸಿ ಅಂತೆ, ಬಿಳಿ ಸೂಟಂತೆ!" ಶಲಬಿಗೆ ತಡೆಯಲಾಗಲಿಲ್ಲ. "ಆ ಮಳೇಲಿ ಯಾವ ಟ್ಯಾಕ್ಸಿ ನಿಲ್ಲಿಸ್ತಾನೋ? ಸೇತುವೆಯಿಂದ ಆಸ್ಪತ್ರೆವರೆಗೆ ಬೆನ್ನ ಮೇಲೆ ಹೊತ್ತಿದ್ದೀನಿ ನಿನ್ನ. ಹತ್ತಿ ಮೂಟೆ ಹಂಗಿದ್ದೆ, ಅದೂ ನೆಂದ ಹತ್ತಿ. ದಾರಿಯುದ್ದಕ್ಕೂ ನನ್ನ ಕಿವೀಲಿ ಗೊರಕೆ ಬೇರೆ. ಇವತ್ತಿಗೂ ಸೊಂಟ ಹಿಡ್ಕೊಂಡಿದೆ."

ವಗ್ದೀ ಬಗ್ಗಿ ಅವನ ಕೈ ಹಿಡಿದು ಮುತ್ತಿಡಲು ಹೋದ.

ಶಲಬಿ ಕೈ ಕಿತ್ತುಕೊಂಡ. "ಬೇಡ! ಇದಕ್ಕೇ ಹೇಳಿರಲಿಲ್ಲ. ಜನ್ಮವೆಲ್ಲ ಜನರ ಮೇಲೆ ಹರಿಹಾಯ್ದವನು ನಾನು. ದೇವರಿಗೂ ನನಗೂ ಮಾತ್ರ ಗೊತ್ತಿರೋ ಒಳ್ಳೇ ಕೆಲಸ ಅಂತ ನನ್ನ ಹತ್ತಿರ ಇರೋದು ಒಂದೇ ಒಂದು. ಬಲಗೈ ಕೊಟ್ಟದ್ದು ಎಡಗೈಗೆ ತಿಳೀಬಾರದು. ಅದನ್ನ ನೀನು ಲಕ್ಷ ಜನಕ್ಕೆ ಅಂಚೆ ಹಾಕ್ತೀನಿ ಅಂತೀಯಲ್ಲ! ನಾಳೆ ದೇವರ ಮುಂದೆ ನಾನು ಏನು ತಗೊಂಡು ಹೋಗ್ಲಿ?"

"ಹಾಗಿದ್ರೆ ಈಗಲೇ ಹೋಗಿ ಕೆಂಪು ಗುಂಡಿ ಒತ್ತೋಣ ಬಾ, ಮುಅಲ್ಲಿಮ್. ನಾನೂ ಒತ್ತುತ್ತೀನಿ."

ಒತ್ತುವವನನ್ನು ವಗ್ದೀಯೇ ಮಾತಿಗೆ ಹಿಡಿದು ಆಗಲೇ ಹತ್ತು ನಿಮಿಷವಾಗಿತ್ತು. ಹೊರಗೆ ಬಾಂಗು ಕೇಳಿತು. ಅದರ ಹಿಂದೆಯೇ ಬೀದಿ ಹಾರಿಹೋಗುವಂಥ ಕೇಕೆ.

"ಒಂದನೇದು! ಉಸ್ತಾದ್ ವಗ್ದೀ, ಒಂದನೇದು!"

ಆ ಕೇಕೆಯ ನಡುವೆ ಕರವಾನಳ ದನಿ ಮೇಲೆದ್ದಿತು. "ಬನ್ನಿ ಎಲ್ಲ, ಗಲ್ಲಾ ಹಿಂದೆ ನೋಡಿ ಬನ್ನಿ! ಕೆಂಪು ಗುಂಡಿ ಒತ್ತಿದ ಪಾಪಿ ಈ ಶಲಬೀನೇ!"

ಬಾಗಿಲು ಧಡ ಧಡ ಎಂದಿತು. ಶಲಬಿಯ ಮುಖ ಬಿಳುಚಿತು. "ಈಗ ಯಾಕೆ ಒತ್ತಿದೆ ಅಂತ ಕೇಳ್ತಾರೆ. ಗುಟ್ಟು ಹೊರಗೆ ಬಂದ್ರೆ ನನ್ನದೆಲ್ಲ ಹೋಯ್ತು."

"ನಿನಗೋಸ್ಕರ ಪ್ರಾಣ ಬೇಕಾದ್ರೂ ಕೊಡ್ತೀನಿ. ಏನು ಮಾಡ್ಲಿ ಹೇಳು."

ಶಲಬಿ ಬಾಗಿಲ ಸಂದಿನಿಂದ ಹೊರಗೆ ಇಣುಕಿದ. "ಆ ಸೂಟಿನವನು ಪುಣ್ಯಾತ್ಮ ಆಗೋಕೆ ತುದಿಗಾಲಲ್ಲಿ ನಿಂತಿದ್ದಾನೆ. ಅವನೇ ಅಂತ ಒಪ್ಕೋ. ಆಮೇಲೆ ನನ್ನನ್ನ ಯಾರೂ ಹುಡುಕಲ್ಲ. ಆದ್ರೆ ಅದಕ್ಕೆ ಮೊದಲು ನನ್ನ ಬೈಯಿ."

"ಮುಅಲ್ಲಿಮ್!"

"ಬೈಯೋ! ಕೊರಳಪಟ್ಟಿ ಹಿಡಿದು ಆಚೆಗೆ ಎಳ್ಕೊಂಡು ಹೋಗಿ ಬೈಯಿ."

ಬಾಗಿಲು ತೆರೆಯಿತು. ತಾಂತಾದ ಅಂಚೆ ಕಚೇರಿಯಲ್ಲಿ ಇಪ್ಪತ್ತು ವರ್ಷ ಒಬ್ಬರಿಗೂ ಗಟ್ಟಿ ಮಾತಾಡದ ವಗ್ದೀ, ತನ್ನ ಜೀವ ಉಳಿಸಿದವನ ಕೊರಳಪಟ್ಟಿ ಹಿಡಿದು ಹೊರಗೆ ಬಂದ. "ಹೊಟ್ಟೆಕಿಚ್ಚಿನವನೇ! ಕಲ್ಲು ಹೃದಯದವನೇ!" ಎಂದು ಕೂಗಿದ. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಎಷ್ಟು ನೊಂದಿದ್ದಾನೆ ನೋಡಿ ಎಂದು ಜನ ಮರುಗಿದರು.

"ಸಾಲದು, ಇನ್ನೂ ಜೋರಾಗಿ" ಎಂದು ಶಲಬಿ ಮೀಸೆಯೊಳಗೇ ಪಿಸುಗುಟ್ಟಿದ.

"ನಿನ್ನಂಥವನನ್ನ ನಾನು ಜನ್ಮದಲ್ಲೇ ಕಂಡಿಲ್ಲ!" ಎಂದು ವಗ್ದೀ ಗಂಟಲು ಹರಿಯುವಂತೆ ಕೂಗಿದ. ಅವನ ಬೈಗುಳದಲ್ಲಿ ಸುಳ್ಳಲ್ಲದ್ದು ಅದೊಂದೇ.

ಆಮೇಲೆ ಬೀದಿಯವರೆಲ್ಲ ಅಬ್ದುಸ್ಸಮದನನ್ನು ಎತ್ತಿ ಕುರ್ಚಿಯ ಮೇಲೆ ನಿಲ್ಲಿಸಿದರು. ಕರವಾನ್ ಜುಲುಜುಲು ಎಂದು ನಾಲಿಗೆ ತಿರುಗಿಸಿ ಮದುವೆ ಮನೆಯ ಕೇಕೆ ಹಾಕಿದಳು. ವಗ್ದೀ ಅವನ ಹಣೆಗೆ ಮುತ್ತಿಟ್ಟು, ನಾಲ್ಕು ಜನರೆದುರು, ಮೂರು ವರ್ಷದಿಂದ ಮನಸ್ಸಿನಲ್ಲೇ ಬರೆದು ತಿದ್ದಿದ ಧನ್ಯವಾದವನ್ನು ಒಂದಕ್ಷರವೂ ಬಿಡದೆ ಹೇಳಿದ. ಹೇಳುವಾಗ ಅವನು ನೋಡುತ್ತಿದ್ದದ್ದು ಬಿಳಿ ಸೂಟಿನ ಭುಜದಾಚೆಗೆ, ಕಂಪ್ಯೂಟರುಗಳನ್ನು ಒಂದೊಂದಾಗಿ ಆರಿಸುತ್ತಿದ್ದ ಕುಳ್ಳ ಮನುಷ್ಯನನ್ನು. ಆ ಮನುಷ್ಯ ಒಮ್ಮೆಯೂ ಇತ್ತ ತಿರುಗಲಿಲ್ಲ. ಧನ್ಯವಾದ ಮುಗಿಯುವವರೆಗೆ ಕೊನೆಯ ಕಂಪ್ಯೂಟರನ್ನು ಆರಿಸದೆ ಅದರ ಮುಂದೆಯೇ ನಿಂತಿದ್ದು, ಆಮೇಲೆ ಮೂಗು ಒರೆಸಿಕೊಂಡು, "ಮುಗೀತಲ್ಲ ನಿಮ್ಮ ನಾಟಕ, ಎಲ್ಲ ಹೊರಗೆ ನಡೀರಿ" ಎಂದು ಗದರಿದ.