ವೀಕ್ಷಕರನ್ನು ಮನೆಗೇ ಹೋಗಿ ಕೇಳಿದ್ದು

ನಮ್ಮ ಮಾತು ಜನಕ್ಕೆ ಹಿಡಿಸಿದೆಯೋ ಇಲ್ಲವೋ ಎಂದು ಜನರನ್ನೇ ಕೇಳುವುದಕ್ಕೆ ಗುಂಡಿಗೆ ಬೇಕು. ಕೇಳದೆ ಇದ್ದರೆ ನೆಮ್ಮದಿಯಾಗಿ ಇರಬಹುದು. ಈಗಿನ ಹುಡುಗ ಹುಡುಗಿಯರು ಫೋನಿನೊಳಗಿಂದ ‘ನಿಮಗೆ ಏನು ನೋಡೋಕೆ ಇಷ್ಟ, ಕಾಮೆಂಟ್ ಮಾಡಿ’ ಎಂದು ನಗುನಗುತ್ತಾ ಕೇಳುವುದನ್ನು ಕಂಡರೆ ನನಗೆ ಅಯ್ಯೋ ಪಾಪ ಅನಿಸುತ್ತದೆ. ನಾನು ಅದನ್ನು ತೊಂಬತ್ತರ ದಶಕದಲ್ಲೇ, ಹೊಸದುರ್ಗದ ಕೇಬಲ್ ಟೀವಿಯಲ್ಲಿ ಕೇಳಿ, ಉತ್ತರವನ್ನೂ ಪಡೆದುಕೊಂಡವನು.

ಆಗ ನಾನು ಸರ್ಕಾರಿ ಗುಮಾಸ್ತ. ಕಚೇರಿಯಲ್ಲಿ ನನ್ನ ಮಾತು ಯಾರೂ ಕೇಳುತ್ತಿರಲಿಲ್ಲವಾದ್ದರಿಂದ ಊರಿಗೇ ಕೇಳಿಸಬೇಕೆಂಬ ಚಪಲವಿತ್ತು. ಕೇಬಲ್ ನಡೆಸುತ್ತಿದ್ದ ತಿಪ್ಪೇಸ್ವಾಮಿ ಗೆಳೆಯ. ಬಸ್ ಸ್ಟ್ಯಾಂಡಿನ ಎದುರಿನ ಅಂಗಡಿ ಸಾಲಿನಲ್ಲಿ ಅವನದೊಂದು ಕೋಣೆ. ಅಲ್ಲೊಂದು ಕುರ್ಚಿ, ಕುರ್ಚಿಯ ಮುಂದೆ ಕ್ಯಾಮೆರಾ. ಭಾನುವಾರ ಸಂಜೆ ನಾನು ಅಲ್ಲಿ ಕೂತು ಬಾಯಿ ತೆರೆದರೆ ಅದೇ ಗಳಿಗೆಯಲ್ಲಿ ಊರಿನ ಟೀವಿಗಳಲ್ಲೆಲ್ಲ ತೆರೆಯುತ್ತಿತ್ತು. ಕಾರ್ಯಕ್ರಮದ ಹೆಸರು ‘ವಾರದ ವಿಚಾರ’. ಹಲ್ಲಿನ ಆರೈಕೆ, ಅಕ್ಷರ ದುಂಡಗೆ ಬರೆಯುವುದರ ಲಾಭ, ಕೋಪ ತಡೆಯುವ ಬಗೆ, ಹೀಗೆ ನನಗೆ ಗೊತ್ತಿಲ್ಲದ ವಿಷಯವೇ ಇರಲಿಲ್ಲ. ಬೀದಿಯಲ್ಲಿ ಸಿಕ್ಕವರೆಲ್ಲ ‘ನಿಮ್ಮನ್ನ ಟೀವೀಲಿ ನೋಡಿದ್ವಿ ಸಾರ್’ ಎನ್ನುತ್ತಿದ್ದರು. ಅಷ್ಟಕ್ಕೇ ನಾನು ಒಂದು ಗೇಣು ಮೇಲೆ ನಡೆಯುತ್ತಿದ್ದೆ.

ಒಂದು ದಿನ ತಿಪ್ಪೇಸ್ವಾಮಿ ತಲೆ ಕೆರೆದುಕೊಳ್ಳುತ್ತಾ ಬಂದ. ನನ್ನ ಕಾರ್ಯಕ್ರಮದ ಹೊತ್ತಿಗೆ ಸಿನಿಮಾ ಹಾಕಿದರೆ ಹೇಗೆ ಎಂದು ಯಾರೋ ಅವನ ಕಿವಿಯಲ್ಲಿ ಊದಿದ್ದರಂತೆ. “ಬೇಜಾರು ಮಾಡ್ಕಬ್ಯಾಡ್ರಿ. ಜನಕ್ಕೆ ಏನು ಬೇಕು ಅಂತ ಒಂದ್ಸಲ ಕೇಳಿ ನೋಡ್ರಿ. ಅವರು ಬೇಕು ಅಂದ್ರೆ ಇರ್ಲಿ, ಇಲ್ಲಾಂದ್ರೆ ನಿಲ್ಸಾಣ,” ಅಂದ. ಕಾರ್ಯಕ್ರಮ ನಿಂತರೆ ನಾನು ಬರೀ ಗುಮಾಸ್ತ.

ಮುಂದಿನ ಭಾನುವಾರ ಕೈಮುಗಿದು ಕೇಳಿಯೇಬಿಟ್ಟೆ: ತಮಗೆ ಏನು ನೋಡಲು ಇಷ್ಟವೋ ದಯವಿಟ್ಟು ತಿಳಿಸಬೇಕು. ವಾರವೆಲ್ಲ ಕಾದರೂ ನರಪಿಳ್ಳೆಯೂ ತಿಳಿಸಲಿಲ್ಲ. ಈ ಊರಿಗೆ ಕೃತಜ್ಞತೆಯೇ ಇಲ್ಲ ಎಂದು ಮನೆಯಲ್ಲಿ ಹಾರಾಡಿದೆ. ಹೆಂಡತಿ ಸರೋಜ ಅವರೆಕಾಯಿ ಸುಲಿಯುತ್ತಾ, ಮನೆಮನೆಗೆ ಹೋಗಿ ಕುಂಕುಮ ಕೊಟ್ಟು ಕರೆಯದೆ ಮದುವೆಗೆ ಯಾರು ಬರುತ್ತಾರೆ, ಊರಿಗೆಲ್ಲ ಒಟ್ಟಿಗೆ ಕೂಗಿದರೆ ಯಾರು ತಮ್ಮನ್ನೇ ಕೇಳಿದ್ದು ಅಂದುಕೊಳ್ಳುತ್ತಾರೆ ಎಂದಳು. ಅದೂ ನಿಜವೇ. ನಮ್ಮ ಕಡೆ ಮನೆ ಬಾಗಿಲಿಗೆ ಬರದವನ ಮಾತು ಮಾತೇ ಅಲ್ಲ.

ಸರಿ, ಇಸ್ತ್ರಿ ಮಾಡಿದ ಷರ್ಟು ಹಾಕಿಕೊಂಡು ಮನೆಮನೆಗೆ ಹೊರಟೆ. ಹೋದಲ್ಲೆಲ್ಲ ಚಾಪೆ ಹಾಸಿದರು, ಮಂಡಕ್ಕಿ ಕೊಟ್ಟರು, ಟೀ ಕುಡಿಸಿದರು. ಕಾರ್ಯಕ್ರಮದ ಬಗ್ಗೆ ಕೇಳಿದರೆ ಮಾತ್ರ ‘ಚೆನ್ನಾಗೈತೆ ಸಾರ್’ ಎಂದು ಇನ್ನಷ್ಟು ಮಂಡಕ್ಕಿ ಸುರಿಯುತ್ತಿದ್ದರು. ಬಾಗಿಲಿಗೆ ಬಂದವನ ಮನಸ್ಸು ನೋಯಿಸಬಾರದಲ್ಲ. ಹೊಟ್ಟೆ ತುಂಬಿತೇ ಹೊರತು ವಿಷಯ ತಿಳಿಯಲಿಲ್ಲ.

ಕೊನೆಗೆ ಓಬಕ್ಕನ ಮನೆ. ಕುರಿ ಕಾಯ್ದು ಮಕ್ಕಳನ್ನು ದಡ ಮುಟ್ಟಿಸಿದ ಮುದುಕಿ, ಮುಲಾಜಿಗೆ ಮಾತಾಡುವ ಅಭ್ಯಾಸ ಇಲ್ಲ. ಟೀವಿ ಮುಂದೆ ಕೂತು ಎಲೆ ಅಡಿಕೆ ಹಾಕುತ್ತಿದ್ದಳು. ನನ್ನ ಪ್ರಶ್ನೆ ಪೂರ್ತಿ ಕೇಳಿಸಿಕೊಂಡು, “ಒಂದು ವಾರನೂ ತಪ್ಪಿಸಿಲ್ಲ ಕಣಪ್ಪ. ಆದ್ರೆ ನೀನು ಸ್ವಲ್ಪ ಪಕ್ಕಕ್ಕೆ ಸರಿದು ಕುಂತ್ಕ,” ಅಂದಳು.

ನನಗೆ ಅರ್ಥವಾಗಲಿಲ್ಲ. ಅವಳೇ ಬಿಡಿಸಿ ಹೇಳಿದಳು. ಕೋಣೆಯಲ್ಲಿ ಸೆಕೆಯೆಂದು ನನ್ನ ಬೆನ್ನ ಹಿಂದಿನ ಕಿಟಕಿಯನ್ನು ತೆರೆದಿಡುತ್ತಿದ್ದೆವು. ಅದರಲ್ಲಿ ಬಸ್ ಸ್ಟ್ಯಾಂಡು ಕಾಣುತ್ತಿತ್ತು. ಹಿರಿಯೂರಿನ ಬಸ್ಸು ಬಂದು ನಿಲ್ಲುವುದೂ ಅದೇ ಹೊತ್ತಿಗೆ. “ಜವನಗೊಂಡನಹಳ್ಳಿಗೆ ಕೊಟ್ಟಿರೋ ಮಗಳು ಅದ್ರಾಗೇ ಬರೋದು. ಅವಳು ಇಳಿದದ್ದು ಕಂಡ್ರೆ ಮುದ್ದೆಗೆ ಎಸರಿಡ್ತೀನಿ. ಬಸ್ಸು ಕಾಣ್ತೈತೆ, ಬಾಗಿಲು ಮಾತ್ರ ನಿನ್ನ ತಲೆ ಹಿಂದಕ್ಕೆ ಹೋಗಿಬಿಡ್ತೈತೆ.”

ಅಲ್ಲಿಂದ ವಾಪಸ್ಸು ಹೋಗಿ ಮಂಡಕ್ಕಿ ಕೊಟ್ಟವರನ್ನು ಮತ್ತೆ ಕೇಳಿದೆ. ಈಗ ಎಲ್ಲರೂ ನಾಚಿಕೊಂಡು ಒಪ್ಪಿದರು. ಯಾರ ಮನೆಗೆ ಯಾರು ನೆಂಟರು ಬಂದರು, ಯಾರ ಸೊಸೆ ತವರಿಂದ ತಿರುಗಿ ಬಂದಳು ಎಂದು ಊರು ವಾರವಾರ ನೋಡುತ್ತಿತ್ತಂತೆ. ಹಲ್ಲಿನ ಆರೈಕೆ ಯಾರಿಗೂ ನೆನಪಿರಲಿಲ್ಲ. ತುಂಬಾ ನೊಂದುಕೊಂಡೆ. ಆದರೆ ಮಗಳು ಬಸ್ಸಿಳಿಯುವುದನ್ನು ಕಾಯುವ ಮುದುಕಿಗೆ ಅಡ್ಡ ಕೂತಿದ್ದೆನಲ್ಲ ಎಂಬುದು ಅದಕ್ಕಿಂತ ಹೆಚ್ಚು ಚುಚ್ಚಿತು. ಮುಂದಿನ ಭಾನುವಾರ ಕುರ್ಚಿ ಎಳೆದು ಮೂಲೆಗೆ ಹಾಕಿಕೊಂಡೆ. ನನ್ನದು ಅರ್ಧ ಮುಖ ಬಂತು, ಬಸ್ಸು ಪೂರ್ತಿ ಬಂತು. ತಿಪ್ಪೇಸ್ವಾಮಿ ಕುಣಿದಾಡಿದ. ಕಾರ್ಯಕ್ರಮ ಎಷ್ಟು ವರ್ಷ ಬೇಕಾದರೂ ನಡೆಯಲಿ, ಮಳೆ ಬಂದರೂ ಕಿಟಕಿ ಮಾತ್ರ ಮುಚ್ಚಬೇಡಿ ಎಂದ.

ಆ ಕಾರ್ಯಕ್ರಮವನ್ನು ಸೋಮವಾರ ಬೆಳಿಗ್ಗೆ ಮತ್ತೊಮ್ಮೆ ಹಾಕುತ್ತಿದ್ದರು. ಅರ್ಧ ಮುಖದಲ್ಲಾದರೂ ಗಾಂಭೀರ್ಯ ಉಳಿದಿದೆಯೇ ನೋಡೋಣವೆಂದು ಟೀವಿ ಮುಂದೆ ಕೂತೆ. ಹಿರಿಯೂರಿನ ಅಕ್ಕನ ಮನೆಗೆ ಹೋಗಿದ್ದ ಸರೋಜ ಹಿಂದಿನ ಸಂಜೆಯಷ್ಟೇ ಬಂದಿದ್ದಳು. ನೋಡುತ್ತೇನೆ, ಕಿಟಕಿಯಲ್ಲಿ ಅವಳೇ ಬಸ್ಸಿಳಿದಳು. ಚೀಲ ಕೆಳಗಿಟ್ಟು, ಸೆರಗು ಸರಿಮಾಡಿಕೊಂಡು, ನಮ್ಮ ಕೋಣೆಯ ಕಡೆ ನೋಡಿ ತನ್ನಷ್ಟಕ್ಕೆ ನಕ್ಕಳು. ಇಷ್ಟು ವರ್ಷ ಜೊತೆಗಿದ್ದರೂ ಆ ನಗು ನಾನು ಕಂಡಿರಲಿಲ್ಲ. “ಲೇ, ಬಾ ಇಲ್ಲಿ, ನೀನು ಬಂದಿದೀಯ,” ಎಂದು ಕೂಗಿದೆ.

ಅವಳು ಕಾಫಿ ಲೋಟ ಹಿಡಿದು ಬಂದು ಪಕ್ಕದಲ್ಲಿ ನಿಂತು, “ಅದು ಸರಿ, ಮೂಲೇಲಿ ಕೈ ಎತ್ತಿಕೊಂಡು ಏನೋ ಹೇಳ್ತಾ ಇದೀರಲ್ಲ, ಏನ್ರೀ ಅದು?” ಎಂದು ಕೇಳಿದಳು.

ನನಗೂ ಗೊತ್ತಾಗಲಿಲ್ಲ. ನಾನೂ ಕೇಳಿಸಿಕೊಂಡಿರಲಿಲ್ಲ.