ಅಪ್ಪಣೆ ಪಡೆದ ಕಳ್ಳ

ಕಂಪ್ಯೂಟರು, ನೆಟ್‌ವರ್ಕಿಗೆ ಕಳ್ಳರು ಎಲ್ಲಿಂದ ನುಗ್ಗಬಹುದೆಂದು, ಒಡೆಯರ ಅಪ್ಪಣೆ ಪಡೆದು ನಾನೇ ನುಗ್ಗಿ ನೋಡಿ ವರದಿ ಕೊಡುವುದು ನನ್ನ ಕೆಲಸ. ಇದರಲ್ಲಿ ಎಡವಟ್ಟಾಗದ ವಾರವೇ ಇಲ್ಲ. ನಾನೋ ಹುಟ್ಟಾ ಪುಕ್ಕಲ. ನಿಜವಾದ ಕಳ್ಳನೆಂದು ಹಿಡಿದು ನಾಲ್ಕು ಬಿಟ್ಟರೆ ಏನು ಗತಿ ಎಂಬ ಚಿಂತೆ ಸದಾ ಇದ್ದದ್ದೇ.

ನಕಲಿ ಮೇಲ್

ಸೇಡಂನ ಕಚೇರಿಯೊಂದರ ಸಿಬ್ಬಂದಿಗೆ "ಪಾಸ್‌ವರ್ಡ್ ಬದಲಿಸಲು ಇಲ್ಲಿ ಒತ್ತಿ" ಎಂಬ ನಕಲಿ ಮೇಲ್ ಕಳಿಸಿದೆ. ಯಾರು ಮೋಸ ಹೋಗುತ್ತಾರೆಂದು ನೋಡಬೇಕಿತ್ತು. ಸಂಜೆ ಗುಮಾಸ್ತರೊಬ್ಬರ ಉತ್ತರ ಬಂತು. ಗುಟ್ಟು ರಟ್ಟಾಯಿತೆಂದುಕೊಂಡೇ ತೆರೆದೆ.

"ಸರ್, ಮುಂಜಾನಿಂದ ಒತ್ಲಿಕತ್ತೀನಿ, ತೆರೀವಲ್ದು. ಪಾಸ್‌ವರ್ಡ್ ಕೆಳಗ ಬರದೀನಿ, ನೀವೇ ಹಾಕ್ಕೊಳ್ರಿ."

ಕಾಟಾ

ಶಹಾಬಾದಿನ ಹಾಸುಗಲ್ಲಿನ ಕಾರ್ಖಾನೆಯಲ್ಲಿ ನೆಟ್‌ವರ್ಕ್ ಸ್ಕ್ಯಾನ್ ಹಚ್ಚಿದ್ದೇ ತಡ, ಲಾರಿ ತೂಗುವ ಕಾಟಾದ ಕಂಪ್ಯೂಟರು ಮಲಗಿತು. ರಸ್ತೆಯವರೆಗೂ ಲಾರಿಗಳು ನಿಂತವು, ಹಾರ್ನ್‌ಗಳ ಅಬ್ಬರ. ಬೆವರೊರೆಸುತ್ತ ಮಾಲೀಕರ ಮುಂದೆ ನಿಂತೆ. ಅವರು ಬೈಯಲಿಲ್ಲ, ನಿಟ್ಟುಸಿರು ಬಿಟ್ಟರು.

"ಕಳ್ಳರು ಬಂದಿದ್ರೂ ಕಾಟಾ ನಡೀತಿತ್ತು. ಕಾಯವ್ರು ಬಂದ್ರಿ ನೋಡ್ರಿ, ನಿಂತೇ ಹೋಯ್ತು."

ತಂಪು ಖೋಲಿ

ಅಪರಿಚಿತನನ್ನು ಯಾರಾದರೂ ತಡೆಯುತ್ತಾರೋ ಎಂದು ನೋಡಲು, ವಾಡಿಯ ಗೋದಾಮೊಂದರ ಸರ್ವರ್ ಕೋಣೆಯತ್ತ ನಡೆದೆ. ಮೇಲ್ವಿಚಾರಕರು ಎದುರಾದರು. "ಬರ್ರಿ, ಬಿಸಿಲು ಭಾಳ ಅದ. ಈ ಖೋಲಿ ತಂಪದ, ಒಳಗ ಕುಂದ್ರಿ, ಚಾ ಕಳಸ್ತೀನಿ" ಎಂದು ಅವರೇ ಬಾಗಿಲು ತೆಗೆದರು. ತಾವು ಹೊರಡುವಾಗ ನನ್ನ ಕೈಗೆ ಕೀಲಿಯನ್ನೂ ಕೊಟ್ಟರು.

"ಹೋಗೂ ಮುಂದ ಹಾಕ್ಕೊಂಡ್ ಹೋಗ್ರಿ. ಇಲ್ಲಿ ಯಾರ್ಯಾರೋ ಒಳಗ ಹೊಕ್ಕತಾರ."

ಚಿಂಚೋಳಿ

ಚಿಂಚೋಳಿಯ ಸಹಕಾರಿ ಸಂಘವೊಂದರಲ್ಲಿ ಮಾತ್ರ ಪೆನ್‌ಡ್ರೈವ್ ಚುಚ್ಚುವಾಗಲೇ ಸಿಕ್ಕಿಬಿದ್ದೆ. ಕಾವಲುಗಾರ ಕೊರಳಪಟ್ಟಿಗೇ ಕೈ ಹಾಕಿದ. "ಯಾರಪಾ ನೀ? ಕಂಪ್ಯೂಟರಿಗಿ ಏನ್ ಚುಚ್ಚಲಿಕತ್ತೀದಿ?" ಮಂದಿ ಕೂಡಿದರು. ಒಬ್ಬ ಆಗಲೇ ತೋಳು ಏರಿಸುತ್ತಿದ್ದ. ಅಪ್ಪಣೆ ಪತ್ರ ತೋರಿಸಿದೆ.

"ಇಂಥಾವು ಜೆರಾಕ್ಸ್ ಅಂಗಡ್ಯಾಗ ಬೇಕಾದಷ್ಟು ಸಿಗ್ತಾವ" ಎಂದ ಕಾವಲುಗಾರ. ವರದಿಯಲ್ಲಿ ಹೊಗಳಬೇಕಾದ ಮಾತೇ ಸರಿ, ಆದರೆ ಆಗ ಹೊಗಳಲು ನನ್ನಲ್ಲಿ ಉಸಿರಿರಲಿಲ್ಲ.

"ಅಧ್ಯಕ್ಷರಿಗಿ ಫೋನ್ ಹಚ್ಚೋ ಮಾರಾಯಾ" ಎಂದು ಅಂಗಲಾಚಿದೆ. ಪರೀಕ್ಷೆಯ ವಿಷಯ ಗೊತ್ತಿದ್ದುದು ಅವರೊಬ್ಬರಿಗೇ. ಯಾರಿಗೂ ಹೇಳುವುದಿಲ್ಲವೆಂದು ನಾನೇ ಅವರಿಂದ ಮಾತು ತೆಗೆದುಕೊಂಡಿದ್ದೆ.

ಕಾವಲುಗಾರ ಫೋನ್ ಹಚ್ಚಿ ನನ್ನ ಬಗ್ಗೆ ವಿಚಾರಿಸಿದ ಕೂಡಲೇ ಅಧ್ಯಕ್ಷರ ದನಿ ಫೋನು ಹರಿಯುವಂತೆ ಬಂತು. "ಅಂವ ಯಾಂವ? ನಾ ಅವನ ಮಾರೀನೇ ನೋಡಿಲ್ಲ!"

ಕೈಮುಗಿದು ಫೋನ್ ತೆಗೆದುಕೊಂಡೆ. ಅಧ್ಯಕ್ಷರು ಪಿಸುಗುಟ್ಟಿದರು.

"ಅಂಜಬ್ಯಾಡ್ರಿ ಸರ್. ಅವರು ನಿಮಗ ಎಷ್ಟ್ ಹೊಡದ್ರೂ ನಾ ಬಾಯಿ ಬಿಡಂಗಿಲ್ಲ!"