ನಮ್ಮ ಮಾಮಾನ ದವಡೆ ಚಳವಳಿ

ನಮ್ಮ ಮಾಮಾನ ತಲೆ ನೆಟ್ಟಗಿದೆ ಎಂದು ಯಾರಾದರೂ ಹೇಳಿದರೆ, ಅವರು ನಮ್ಮ ಮನೆಯಲ್ಲಿ ಒಂದು ಹೊತ್ತೂ ಉಂಡಿಲ್ಲ ಎಂದೇ ಅರ್ಥ! ಮಾಮಾ ಎಂದರೆ ನಮ್ಮವ್ವನ ತಮ್ಮ. ಇಚಲಕರಂಜಿಯಲ್ಲಿ ಕೆಟ್ಟ ಮಗ್ಗ ರಿಪೇರಿ ಮಾಡುವ ಜಾಬರ್. ಮದುವೆಯಾಗದೆ ನಮ್ಮ ಜೊತೆಗೇ ಉಳಿದವನು. ಆಯುಷ್ಯವೆಲ್ಲ ಮಗ್ಗಗಳ ಸದ್ದಿನಲ್ಲೇ ಕಳೆದದ್ದರಿಂದ, ಅವನು ಗುಟ್ಟು ಹೇಳಿದರೂ ಆಚೆಯೂರು ಕುರುಂದವಾಡಕ್ಕೆ ಕೇಳಿಸುತ್ತದೆ!

ಇದೆಲ್ಲ ಶುರುವಾದದ್ದು ನನ್ನ ಮಗಳು ಗೌರಿಯ ದವಡೆಯಿಂದ. ಎಂಟು ವರ್ಷವಾದರೂ ಹಾಲುಹಲ್ಲು ಬಿದ್ದ ಜಾಗದಲ್ಲಿ ಹೊಸವು ಹುಟ್ಟಲಿಲ್ಲ, ಕೆಳದವಡೆಯೂ ಬೆಳೆಯಲಿಲ್ಲ. ಅಗಿಯಲು ಭಾಳ ಹೊತ್ತು ಬೇಕು. ಎಲ್ಲರೂ ಎದ್ದುಹೋದ ಮೇಲೂ ಒಬ್ಬಳೇ ಕೂತಿರುತ್ತಿದ್ದಳು. ಬರಬರುತ್ತ "ಹಸಿವಿಲ್ಲವ್ವಾ" ಎಂದು ಅರ್ಧ ತಾಟು ಬಿಟ್ಟು ಏಳತೊಡಗಿದಳು. ಮೈ ಇಳಿಯಿತು. ನನಗೆ ಹೆದರಿಕೆಯಾಯಿತು.

ನಾನೂ ಮಾಮಾನೂ ಅವಳನ್ನು ಕೊಲ್ಹಾಪುರದ ಹಲ್ಲಿನ ಡಾಕ್ಟರಿಗೆ ತೋರಿಸಿದೆವು. ಗಡಿಯ ಕಡೆಯವರು, ಕನ್ನಡದಲ್ಲೇ ತಿಳಿಸಿ ಹೇಳಿದರು. ಮೂಳೆಯ ಜೀವಕೋಶಗಳಿಗೆ ಕಣ್ಣಿಗೆ ಕಾಣದ ಬಾಗಿಲುಗಳಿವೆಯಂತೆ. ಅಗಿಯುವಾಗ ಒತ್ತಡ ಬಿದ್ದರೆ ಅವು ತೆರೆದು, ಕ್ಯಾಲ್ಸಿಯಂ ಒಳಗೆ ನುಗ್ಗಿ, ಇಲ್ಲಿ ಭಾರ ಬಿದ್ದಿದೆ, ಮೂಳೆ ಕಟ್ಟಿ ಎಂದು ಹುಕುಂ ಹೊರಡುತ್ತದಂತೆ!

"ಇಕಿಗೆ ಆ ಬಾಗಲಾ ಹುಟ್ಟಿದಾಗಿಂದನ ಬಿಗಿ ಅದಾವ್ರಿ. ಯಾರ ತಪ್ಪೂ ಅಲ್ಲ. ಹಲ್ಲ ತಡಾ ಆಗಿ ಬರ್ತಾವ, ನಾವೂ ಹಾದಿ ಮಾಡಿ ಕೊಡ್ತೀವಿ. ಅಲ್ಲೀತನಕಾ ಮೆತ್ತಗಿಂದು ಕೊಡ್ರಿ, ಹೊಟ್ಟಿ ತುಂಬ ಉಣಸ್ರಿ" ಎಂದರು.

ನನಗೆ ಅರ್ಥವಾಯಿತು. ಮಾಮಾನಿಗೆ? ತಿರುಗಿ ಬರುವ ಬಸ್ಸು ಶಿರೋಳಿ ದಾಟುವಷ್ಟರಲ್ಲಿ ಅವನು ಡಾಕ್ಟರನ್ನೂ ಮೀರಿಸಿದ್ದ!

"ಗೌರಿ ಮೆತ್ತಗಿಂದು ತಿನ್ಲಿ. ಉಳದ ಮಂದೆಲ್ಲಾ ಖಡಕ್ ರೊಟ್ಟಿ ತಿನ್ನೂನು!"

"ನಾವು ಅಗದ್ರ ಅಕಿ ದವಡಿ ಹೆಂಗ ಬೆಳಿತೈತಿ ಮಾಮಾ?"

"ದವಡಿ ಅನ್ನೂದು ಖಾಂದಾನಿ ಆಸ್ತಿ. ಖಾಂದಾನ ಗಟ್ಟಿ ಆದ್ರ ಅಕಿಗೂ ಪಾಲ ಬರತೈತಿ!"

ಇಂಥ ವಿಜ್ಞಾನಕ್ಕೆ ನೀವಾದರೂ ಏನು ಉತ್ತರ ಕೊಡುತ್ತೀರಿ? ಮರುದಿನದಿಂದ ಅನ್ನ ಬಂದ್, ಪಾವ್ ಬಂದ್. ಬಡಿದು ತಿಂಗಳಾದ ರೊಟ್ಟಿಯೇ ಆಗಬೇಕು! ಗೌರಿಗೆ ಮಾತ್ರ ಹಾಲಿನಲ್ಲಿ ನೆನೆಸಿದ ಚೂರು. ನನ್ನ ಗಂಡ ರೊಟ್ಟಿಯನ್ನು ಕದ್ದು ಸಾರಿನಲ್ಲಿ ಅದ್ದಲು ಹೋದರೆ ಮಾಮಾ ಬೊಬ್ಬೆ ಹಾಕುತ್ತಿದ್ದ: "ಬಾಗಲಾ ಮುಚ್ಚತಾವ!" ನಮ್ಮವ್ವನಿಗೋ ಹಲ್ಲೇ ಇಲ್ಲ. "ಅಕ್ಕಾ, ನಿನಗ ರಿಯಾಯ್ತಿ. ಬರೇ ಬಾಯಿ ಆಡಸ" ಎಂದ. ಪಾಪ, ಆಡಿಸಿದಳು!

ಒಂದು ದಿನ ಎದುರುಮನೆಯ ನೂಲಿನ ವ್ಯಾಪಾರಿ ಚಹಾಕ್ಕೆ ಬಂದರು. ಬಿಸ್ಕೀಟಿನ ಬದಲು ರೊಟ್ಟಿ ಬಂತು. ಸಂಭಾವಿತರು, ಒಲ್ಲೆ ಎನ್ನದೆ ಕಚ್ಚಿದರು. ಅವರ ಕಟ್ಟಿಸಿದ ಹಲ್ಲಿನ ಸೆಟ್ಟು ರೊಟ್ಟಿಯಲ್ಲೇ ಉಳಿಯಿತು! "ಅಹೋ ಮಾಮಾ, ಹೇ ಕಾಯ್!" ಇದೇನಿದು ಎಂದು ಮರಾಠಿಯಲ್ಲಿ, ಬೊಚ್ಚುಬಾಯಲ್ಲೇ ಕೂಗಿದರು. ಮಾಮಾ ರೊಟ್ಟಿಯನ್ನು ಎತ್ತಿ ಹಿಡಿದು ನಮಗೆಲ್ಲ ತೋರಿಸಿದ: "ನೋಡ್ರಿ, ನಮ್ಮ ರೊಟ್ಟಿಗೂ ಹಲ್ಲ ಬಂದುವು!"

ಕಳೆದ ರವಿವಾರ ಮಾಮಾ ಮಗ್ಗ ಜೋಡಿಸಲು ಗಡಹಿಂಗ್ಲಜಕ್ಕೆ ಹೋದ. ಮನೆಯಲ್ಲಿ ಸ್ವಾತಂತ್ರ್ಯೋತ್ಸವ! ಮಧ್ಯಾಹ್ನ ಬಿಸಿ ಅನ್ನ, ಕಟ್ಟಿನ ಸಾರು. ಗಬಗಬ ಉಂಡು ಎಲ್ಲರೂ ಎದ್ದೆವು. ಅಷ್ಟರಲ್ಲಿ ಮಾಮಾನ ಫೋನು. ಊಟ ಆಯಿತೇ ಎಂದು ಅವನು ಕೇಳಲಿಲ್ಲ.

"ಯಾರ ಮೊದಲ ಎದ್ರು?" ಎಂದ.

ತಿರುಗಿ ನೋಡಿದೆ. ಗೌರಿ ಒಬ್ಬಳೇ ಕೂತಿದ್ದಳು. ಅರ್ಧ ಅನ್ನವನ್ನು ತಾಟಿನ ಅಂಚಿಗೆ ಸರಿಸಿ, ನನ್ನ ಮುಖ ನೋಡದೆ "ಹಸಿವಿಲ್ಲವ್ವಾ" ಎಂದಳು.

ಹಸಿವಿಲ್ಲದ್ದಲ್ಲ, ಎಲ್ಲರೂ ಎದ್ದ ಮೇಲೆ ಒಬ್ಬಳೇ ಕೂರುವ ನಾಚಿಕೆ! ರೊಟ್ಟಿಯ ದಿನಗಳಲ್ಲಿ ನಾವೆಲ್ಲ ಇನ್ನೂ ಅಗಿಯುತ್ತ ಕೂತಿರುವಾಗ ಈ ಹುಡುಗಿ ತಾಟು ಖಾಲಿ ಮಾಡಿ ಎಲ್ಲರಿಗಿಂತ ಮೊದಲು ಏಳುತ್ತಿದ್ದಳು. ಅದು ನನಗೆ ಕಂಡೇ ಇರಲಿಲ್ಲ. ಮಾಮಾನಿಗೆ ಬೇಕಿದ್ದದ್ದು ಅದೊಂದೇ. "ಹೊಟ್ಟಿ ತುಂಬ ಉಣಸ್ರಿ" ಎಂಬ ಡಾಕ್ಟರ ಮಾತು ಅವನಿಗೆ ನನಗಿಂತ ಚೆನ್ನಾಗಿ ತಿಳಿದಿತ್ತು.

ಫೋನು ಕಟ್ ಮಾಡದೆ ಕೆಳಗಿಟ್ಟು ರೊಟ್ಟಿಯ ಬುಟ್ಟಿ ತಂದೆ. ಗಂಡ ಮತ್ತೆ ಬಂದು ಕೂತರು. ಅವ್ವ ಬಾಯಿ ಆಡಿಸತೊಡಗಿದಳು. ಗೌರಿ ನಮ್ಮನ್ನು ಒಮ್ಮೆ ನೋಡಿ, ತಾಟು ಎಳೆದುಕೊಂಡು, ಉಂಡಳು. ಕೊನೆಯ ಅಗುಳನ್ನೂ ಬಿಡದೆ ಉಂಡು, ಫೋನಿನಲ್ಲಿ ಕಾದಿದ್ದ ಮಾಮಾನಿಗೆ ಕೂಗಿದಳು: "ಅಜ್ಜಾ, ನಾನ ಫಸ್ಟ್!"

ಮಾಮಾನ ಮೇಲೆ ಜೀವ ಉಕ್ಕಿ ಬಂದು ಜೋರಾಗಿ ಅಳಬೇಕೆನಿಸಿತು. ಬಾಯಿ ತುಂಬ ಖಡಕ್ ರೊಟ್ಟಿ, ಅಳುವುದಾದರೂ ಹೇಗೆ?